ಲಿಮಾದಲ್ಲಿ ದಿನಕ್ಕೆ 60 ಸೋಲ್: ಸಸ್ಯಾಹಾರಿಯ ಹೊಟ್ಟೆ ತುಂಬುತ್ತದೆಯೇ?

ಹಾಸನದ_ಗಡ್ಡೆ
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಮೂರು ವಾರ ಪೆರುವಿನ ರಾಜಧಾನಿ ಲಿಮಾದಲ್ಲಿ ಇರಬೇಕಾಗಿದೆ. ನಾನು ಆಲೂಗಡ್ಡೆ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ಅಲ್ಲಿನ ಲಾ ಮೊಲಿನಾ ಎಂಬಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ಕೆಲಸ. ವಿಮಾನದ ಖರ್ಚು, ಕೋಣೆಯ ಬಾಡಿಗೆ ಎರಡೂ ವಿದ್ಯಾರ್ಥಿವೇತನದಲ್ಲಿ ಕಳೆಯುತ್ತವೆ. ಊಟ ಮತ್ತು ಓಡಾಟಕ್ಕೆ ಉಳಿಯುವುದು ದಿನಕ್ಕೆ 60 ಸೋಲ್. ಒಂದು ಸೋಲ್ ಎಂದರೆ ನಮ್ಮ 25 ರೂಪಾಯಿಯ ಆಸುಪಾಸು.

ತೊಂದರೆ ಎರಡು. ಒಂದು, ನಾನು ಸಸ್ಯಾಹಾರಿ (ಮೊಟ್ಟೆ ತಿನ್ನುತ್ತೇನೆ, ಅಮ್ಮನಿಗೆ ಹೇಳಬೇಡಿ). ಇನ್ನೊಂದು, ಸ್ಪ್ಯಾನಿಷ್‌ನಲ್ಲಿ ನಮಸ್ಕಾರ, ಧನ್ಯವಾದ ಬಿಟ್ಟರೆ ಏನೂ ಬಾರದು. ಅಂತರ್ಜಾಲದಲ್ಲಿ ನೋಡಿದರೆ ಎಲ್ಲರೂ ಸಮುದ್ರದ ಬದಿಯ ಮಿರಾಫ್ಲೋರೆಸ್‌ನಲ್ಲೇ ಇರಿ ಎನ್ನುತ್ತಾರೆ, ಅಲ್ಲಿನ ಹೋಟೆಲುಗಳ ಬೆಲೆ ನೋಡಿ ಎದೆ ಧಸಕ್ಕೆಂದಿತು. ಹೋಗಿ ಬಂದವರು ದಾರಿ ಹೇಳಿ.

ಅರಳಿಕಟ್ಟೆ_ಅಜ್ಜ
ಮಗಳೇ, ಚಿಂತೆ ಏಕೆ? ಎರಡು ಕಿಲೋ ಅವಲಕ್ಕಿ, ಒಂದು ಕಿಲೋ ಹುರಿಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಒಂದು ಪುಟ್ಟ ಕುಕ್ಕರ್. ಮೂರು ವಾರ ಕಣ್ಣುಮುಚ್ಚಿ ತೆಗೆಯುವುದರೊಳಗೆ ಕಳೆದುಹೋಗುತ್ತದೆ. 1989ರಲ್ಲಿ ನಾನು ಮಾಸ್ಕೋದಲ್ಲಿ ಎರಡು ತಿಂಗಳು ಹೀಗೆಯೇ ಬದುಕಿದ್ದೇನೆ.

ಸಂಶಯಾತ್ಮ
ಅಜ್ಜಾ, ಆಗ ಮಾಸ್ಕೋದ ಅಂಗಡಿಗಳಲ್ಲಿ ಕೊಳ್ಳಲು ಏನೂ ಇರಲಿಲ್ಲ. ಲಿಮಾಕ್ಕೆ ಜನ ಊಟ ಮಾಡುವುದಕ್ಕೆಂದೇ ಹೋಗುತ್ತಾರೆ. ಅಲ್ಲಿ ಕೋಣೆಯಲ್ಲಿ ಕುಳಿತು ಅವಲಕ್ಕಿ ಮುಕ್ಕುವುದೇ?

ತಿಂಡಿಪೋತ_ತುಮಕೂರು
ಬಹಳ ಸುಲಭ. ಯಾವುದೇ ಹೋಟೆಲಿಗೆ ಹೋಗಿ ‘ಮೆನು’ ಎಂದು ಕೇಳಿ. ಆ ಪದ ಪ್ರಪಂಚದಲ್ಲೆಲ್ಲ ಒಂದೇ. ಕೊಟ್ಟ ಪಟ್ಟಿಯನ್ನು ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿ ಬೇಕಾದುದನ್ನು ಬೆರಳಿಟ್ಟು ತೋರಿಸಿ.

ತಿರುಗುಬಾಣ
ಅಯ್ಯೋ, ಬೇಡ ಬೇಡ. ನಾನು ಲಿಮಾದಲ್ಲಿ ನಾಲ್ಕು ವರ್ಷ ಇದ್ದೆ. ಮೊದಲ ದಿನವೇ ಹೀಗೆ ‘ಮೆನು’ ಎಂದು ಕೇಳಿ ಕುಳಿತೆ. ಎರಡು ನಿಮಿಷದಲ್ಲಿ ನನ್ನ ಮುಂದೆ ಒಂದು ಬೋಗುಣಿ ಸೂಪು ಬಂತು, ಅದರ ನಡುವಿನಿಂದ ಕೋಳಿಯ ಪಾದವೊಂದು, ಉಗುರು ಬೆರಳು ಸಮೇತ, ನನ್ನನ್ನು ಆಶೀರ್ವದಿಸುವಂತೆ ಮೇಲೆದ್ದು ನಿಂತಿತ್ತು.

ಅಲ್ಲಿ ‘ಮೆನು’ ಎಂದರೆ ಪಟ್ಟಿಯಲ್ಲ, ಮಧ್ಯಾಹ್ನದ ಊಟ. ನಮ್ಮ ಹೋಟೆಲಿನ ‘ಊಟ’ದ ಹಾಗೆಯೇ: ಮೊದಲು ಸೂಪು ಅಥವಾ ಸಣ್ಣ ತಿನಿಸು, ಆಮೇಲೆ ‘ಸೆಗುಂದೊ’ ಎಂಬ ಮುಖ್ಯ ತಟ್ಟೆ (ಅನ್ನ ಇದ್ದೇ ಇರುತ್ತದೆ, ಅವರು ನಮಗಿಂತ ಕಡಿಮೆ ಅನ್ನದವರಲ್ಲ), ಜೊತೆಗೆ ಒಂದು ಲೋಟ ಪಾನೀಯ. ಬಡಾವಣೆಯ ಹೋಟೆಲುಗಳಲ್ಲಿ 12ರಿಂದ 15 ಸೋಲ್, ಮಾರುಕಟ್ಟೆಯ ಒಳಗೆ ಇನ್ನೂ ಕಡಿಮೆ. ಪಟ್ಟಿ ಬೇಕಾದರೆ ‘ಲಾ ಕಾರ್ತಾ’ ಎಂದು ಕೇಳಬೇಕು. ಆದರೆ ಕಾರ್ತಾ ನೋಡಿ ತರಿಸಿದರೆ ಅದೇ ಅಡುಗೆಮನೆಯ ಅದೇ ಅನ್ನಕ್ಕೆ ಎರಡು ಪಟ್ಟು, ಮೂರು ಪಟ್ಟು ಕೊಡುತ್ತೀರಿ. ಲಿಮಾದಲ್ಲಿ ಅಗ್ಗವಾಗಿ ಬದುಕುವವರು ಈ ಮಧ್ಯಾಹ್ನದ ಊಟವನ್ನೇ ನೆಚ್ಚಿಕೊಂಡಿರುತ್ತಾರೆ. ಒಂದು ಗಂಟೆಗೆ ಗಡದ್ದಾಗಿ ಉಣ್ಣಿ, ರಾತ್ರಿ ಹಗುರವಾಗಿ ಮುಗಿಸಿ. ರಾತ್ರಿ ಎಂಟಕ್ಕೆ ಹೊಟ್ಟೆ ಹೊತ್ತುಕೊಂಡು ಹೊರಟರೆ ದುಡ್ಡೂ ಹೋಗುತ್ತದೆ, ಆಯ್ಕೆಯೂ ಇರುವುದಿಲ್ಲ.

ತಿಂಡಿಪೋತ_ತುಮಕೂರು
ಸರಿ, ಮೆನು ಎಂದವನು ನಾನಲ್ಲ, ನನ್ನ ಮೊಬೈಲು.

ಒಗ್ಗರಣೆ_ವೀಣೆ
ತಿರುಗುಬಾಣ ಅಣ್ಣಾ, ಸಸ್ಯಾಹಾರಿಗಳ ಕಥೆ ಹೇಳಿ. ನಾವು ನ್ಯೂಜೆರ್ಸಿಯಿಂದ ಮಾಚು ಪಿಚುಗೆ ಹೋಗುವಾಗ ಲಿಮಾದಲ್ಲಿ ಎರಡು ದಿನ ಇದ್ದೆವು. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಗುನಗುತ್ತ ಕೋಳಿ ತಂದಿಟ್ಟರು.

ತಿರುಗುಬಾಣ
ಅಕ್ಕಾ, ಅದು ಅವರ ತಪ್ಪಲ್ಲ. ಅಲ್ಲಿ ‘ಕಾರ್ನೆ’ ಎಂದರೆ ದನದ ಮಾಂಸ. ಕೋಳಿಯ ಹೆಸರು ಬೇರೆ, ಮೀನಿನ ಹೆಸರು ಬೇರೆ. ಮೂರನ್ನೂ ಬಿಡಿಸಿ ಹೇಳಬೇಕು: ‘ನೊ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ.’ ಸೂಪಿನ ನೀರು ಬಹುಪಾಲು ಕೋಳಿಯದೇ, ಹಾಗಾಗಿ ಸೂಪನ್ನು ಮರೆತುಬಿಡಿ. ಬದಲಿಗೆ ‘ಪಾಪಾ ಆ ಲಾ ವಾಂಕಾಯಿನಾ’ ಕೇಳಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಗಿಣ್ಣು (ಚೀಸ್) ಮತ್ತು ಹಳದಿ ಮೆಣಸಿನಕಾಯಿ ರುಬ್ಬಿದ ತಣ್ಣನೆಯ ಸಾರು. ಗಡ್ಡೆಯವರಿಗೆ ತವರುಮನೆ ಊಟ.

ಸೋಮವಾರ ಮರೆಯಬೇಡಿ. ಸೋಮವಾರ ಮಸೂರ ಬೇಳೆ ತಿಂದರೆ ಕೈಯಲ್ಲಿ ಕಾಸು ಆಡುತ್ತದೆ ಎಂಬ ನಂಬಿಕೆ ಅಲ್ಲಿಯದು, ಅರ್ಧ ಊರೇ ಅಂದು ಬೇಳೆ ಬೇಯಿಸುತ್ತದೆ. ‘ಲೆಂತೇಹಾಸ್ ಕೊನ್ ವೇವೊ ಫ್ರಿತೊ’ ಎಂದರೆ ಅನ್ನ, ಬೇಳೆ, ಮೇಲೊಂದು ಕರಿದ ಮೊಟ್ಟೆ. ಬೇಳೆಗೆ ಹಂದಿಮಾಂಸ ಹಾಕಿದ್ದಾರೆಯೇ ಎಂದು ಮಾತ್ರ ಮೊದಲೇ ಕೇಳಿ. ಇದಲ್ಲದೆ ಪೂರ್ತಿ ಸಸ್ಯಾಹಾರಿ ಮೆನು ಕೊಡುವ ಸಣ್ಣ ಹೋಟೆಲುಗಳೂ ಊರಿನಲ್ಲಿ ಸಾಕಷ್ಟಿವೆ, ಬೆಲೆ ಮಾಮೂಲಿಯದೇ. ಗೋಧಿಯ ಅಂಟಿನಿಂದ ಮಾಡಿದ ನಕಲಿ ಕೋಳಿ ಹಾಕುತ್ತಾರೆ. ನನಗೆ ಅದು ಚಪ್ಪಲಿಯ ಅಟ್ಟೆಯ ಹಾಗೆ ಅನ್ನಿಸುತ್ತಿತ್ತು, ನನ್ನ ಹೆಂಡತಿ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದಳು.

ಬ್ಯಾಡಗಿ_ಖಾರ
ಚಿಫಾ ಹೇಳದೆ ಬಿಟ್ಟಿರಲ್ಲ! ಚೀನೀಯರು 1849ರಿಂದ ಕೂಲಿಗಳಾಗಿ ಪೆರುವಿಗೆ ಹೋದವರು, ಅವರ ಕೈಯಡುಗೆಯೇ ಇವತ್ತಿನ ಚಿಫಾ. ಓಣಿಗೊಂದು ಇದೆ. ‘ಚೌಫಾ ದೆ ವೆರ್ದೂರಾಸ್’ ಎಂದರೆ ತರಕಾರಿ ಹಾಕಿ ಹುರಿದ ಅನ್ನ. ಒಂದು ತಟ್ಟೆ ತರಿಸಿದರೆ ಇಬ್ಬರು ಉಣ್ಣಬಹುದು, ಉಳಿದುದನ್ನು ಕಟ್ಟಿಸಿಕೊಂಡು ಬಂದರೆ ರಾತ್ರಿಯ ಊಟ ಆಯಿತು.

ಒಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ಕೆಂಪಗೆ, ಗುಂಡಗೆ, ನಮ್ಮ ದೊಣ್ಣೆಮೆಣಸಿನಕಾಯಿಯ ತಂಗಿಯಂತೆ ಇರುವ ರೊಕೊತೊ ಎಂಬುದೊಂದು ಸಿಗುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಹುಟ್ಟಿ ಬೆಳೆದವನು, ನನಗೆ ಖಾರ ಕಲಿಸುತ್ತೀರಾ ಎಂದು ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಬೀಜ ಕಪ್ಪಗಿರುವುದನ್ನು ನೋಡಿಯಾದರೂ ಅನುಮಾನ ಬರಬೇಕಿತ್ತು. ನಮ್ಮ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅಂದು ಅರಿವಾಯಿತು. ಅಂಗಡಿಯ ಅಜ್ಜಿ ನನ್ನ ಕಣ್ಣೀರು ನೋಡಿ ಒಂದು ಬಾಳೆಹಣ್ಣು ಸುಲಿದುಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಶಯಾತ್ಮ
ಮೆಣಸಿನಕಾಯಿ ನಮ್ಮದಲ್ಲ, ಅದು ಆ ಖಂಡದಿಂದಲೇ ಬಂದದ್ದು. ತವರಿಗೆ ಹೋಗಿ ಮೀಸೆ ತಿರುವಿದರೆ ಹೀಗೆಯೇ ಆಗುವುದು.

ಬ್ಯಾಡಗಿ_ಖಾರ
ಗೊತ್ತಿದೆ ಸ್ವಾಮಿ. ಆಲೂಗಡ್ಡೆ, ಟೊಮೆಟೊ, ಶೇಂಗಾ, ಸೀಬೆ ಎಲ್ಲವೂ ಆ ಕಡೆಯವೇ. ಅವನ್ನೆಲ್ಲ ತೆಗೆದರೆ ನಮ್ಮ ಖಾನಾವಳಿಯ ತಟ್ಟೆಯಲ್ಲಿ ರೊಟ್ಟಿ ಮಾತ್ರ ಉಳಿಯುತ್ತದೆ.

ಮಲ್ಪೆ_ಬಂಗುಡೆ
ಲಿಮಾದ ವಿಷಯದಲ್ಲಿ ಇಷ್ಟು ಹೊತ್ತು ಬೇಳೆ, ಆಲೂಗಡ್ಡೆ ಮಾತಾಡಿದಿರಲ್ಲ ಮಾರಾಯರೇ! ಸೆವಿಚೆ ಹೇಳುವವರು ಯಾರೂ ಇಲ್ಲವೇ? ಹಸಿ ಮೀನಿನ ತುಂಡಿಗೆ ಉಪ್ಪು, ನಿಂಬೆರಸ, ಈರುಳ್ಳಿ, ಮೆಣಸು. ಪಕ್ಕದಲ್ಲಿ ಬೆಂದ ಸಿಹಿಗೆಣಸು ಮತ್ತು ಹಲ್ಲಿನಷ್ಟು ದಪ್ಪ ಕಾಳಿನ ಮುಸುಕಿನ ಜೋಳ. ಹಡಗಿನ ಕೆಲಸದಲ್ಲಿದ್ದಾಗ ಕಯಾಓ ಬಂದರಿನಲ್ಲಿ ಒಂಬತ್ತು ದಿನ ನಿಂತಿದ್ದೆವು, ನಾನು ಏಳು ದಿನ ಅದನ್ನೇ ತಿಂದೆ. ಬೊನಿಟೊ ಮೀನಿನದು ಕೇಳಿದರೆ ಬಡವರ ಬೆಲೆಗೆ ಸಿಗುತ್ತದೆ. ನಿಂಬೆರಸದಲ್ಲೇ ಮೀನು ಬೇಯುತ್ತದೆ.

ಸಂಶಯಾತ್ಮ
ಬೇಯುವುದಿಲ್ಲ, ಬೆಂದಂತೆ ಕಾಣುತ್ತದೆ. ಹುಳಿಯಿಂದ ಮಾಂಸ ಬಿಳುಪಾಗಿ ಗಟ್ಟಿಯಾಗುತ್ತದೆ, ಬೆಂಕಿಯ ಹಾಗೆ ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ. 1991ರಲ್ಲಿ ಪೆರುವಿನಲ್ಲಿ ಕಾಲರಾ ಎದ್ದಾಗ ಹಸಿ ಮೀನಿನ ಮೇಲೆಯೇ ಮೊದಲು ಕಣ್ಣು ಬಿದ್ದದ್ದು.

ಮಲ್ಪೆ_ಬಂಗುಡೆ
ನೀವು ಮಜ್ಜಿಗೆ ಕುಡಿಯುವಾಗಲೂ ಹೀಗೆಯೇ ಲೆಕ್ಕ ಹಾಕುತ್ತೀರಾ? ಮಧ್ಯಾಹ್ನದ ಒಳಗೆ, ಜನ ಸಾಲುಗಟ್ಟಿ ನಿಂತಲ್ಲಿ ತಿನ್ನಬೇಕು. ಲಿಮಾದವರು ರಾತ್ರಿ ಸೆವಿಚೆ ಮುಟ್ಟುವುದು ಅಪರೂಪ, ಬೆಳಗಿನ ಮೀನು ಬೆಳಗಿಗೇ ಸರಿ ಎನ್ನುವ ಲೆಕ್ಕ. ಇದು ನಮ್ಮ ಕರಾವಳಿಯಲ್ಲೂ ಗೊತ್ತಿರುವ ಮಾತು.

ಇನ್ನೊಂದು ವಿಷಯ. ಅವರ ಕಡಲಿನಲ್ಲಿ ಲಕ್ಷಗಟ್ಟಲೆ ಟನ್ ಆಂಚೊವೆತಾ ಎಂಬ ಸಣ್ಣ ಮೀನು ಸಿಗುತ್ತದೆ, ಅದರ ಬಹುಪಾಲು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ನಮ್ಮ ಬೂತಾಯಿಯ ಹಣೆಬರಹವೂ ಅದೇ ಅಲ್ಲವೇ? ಜನರ ತಟ್ಟೆಗೆ ಬರಬೇಕಾದ ಮೀನು ಪುಡಿಯಾಗಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅರಳಿಕಟ್ಟೆ_ಅಜ್ಜ
ಹುಡುಗಿ ಕೇಳಿದ್ದು ಸಸ್ಯಾಹಾರ. ನೀವು ಮೀನಿನ ಬಲೆ ಬೀಸುತ್ತಿದ್ದೀರಿ.

ಹಾಸನದ_ಗಡ್ಡೆ
ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ, ಜಗಳವನ್ನೂ ಸೇರಿಸಿ. ಈಗ ಕೋಣೆ ಮತ್ತು ಬಸ್ಸಿನ ವಿಷಯ ಹೇಳಿ. ಲಾ ಮೊಲಿನಾಗೆ ಮಿರಾಫ್ಲೋರೆಸ್‌ನಿಂದ ಓಡಾಡಬಹುದೇ?

ತಿರುಗುಬಾಣ
ಓಡಾಡಬಹುದು, ಆದರೆ ಸಂಜೆ ವಾಪಸು ಬರುವಾಗ ಒಂದೂವರೆ ಗಂಟೆ ಹಾವಿಯೆರ್ ಪ್ರಾದೊ ರಸ್ತೆಯಲ್ಲಿ ನಿಂತು ನಿಮ್ಮ ಪ್ರಬಂಧದ ಒಂದು ಅಧ್ಯಾಯ ಬರೆದು ಮುಗಿಸಬಹುದು. ಸಿಲ್ಕ್ ಬೋರ್ಡ್ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನನ್ನ ಮಾತು ಕೇಳಿದರೆ ಸಾನ್ ಬೊರ್ಹಾದಲ್ಲಿ, ಲಾ ಕುಲ್ತೂರಾ ಎಂಬ ಮೆಟ್ರೊ ನಿಲ್ದಾಣದ ಹತ್ತಿರ ಕೋಣೆ ಹಿಡಿಯಿರಿ. ಮೆಟ್ರೊದ ಒಂದನೇ ಮಾರ್ಗಕ್ಕೆ ಎಲ್ಲಿಂದ ಎಲ್ಲಿಗೆ ಹೋದರೂ ಒಂದೂವರೆ ಸೋಲ್. ಹಾವಿಯೆರ್ ಪ್ರಾದೊ ಮೇಲೆ ಕೆಂಪು ಬಸ್ಸುಗಳು (ಕೊರ್ರೆದೋರ್ ರೋಹೊ) ಪೂರ್ವಕ್ಕೆ ಹೋಗುತ್ತವೆ, ಅದೇ ನಿಮ್ಮ ದಿಕ್ಕು. ಸಮುದ್ರ ನೋಡಬೇಕೆನಿಸಿದ ದಿನ ಮೆಟ್ರೊಪೊಲಿತಾನೊ ಹತ್ತಿ. ಅದು ರೈಲಲ್ಲ, ಹೆದ್ದಾರಿಯ ನಡುವಿನ ಮೀಸಲು ದಾರಿಯಲ್ಲಿ ಓಡುವ ಉದ್ದನೆಯ ಬಸ್ಸು, 2010ರಲ್ಲಿ ಶುರುವಾದದ್ದು. ಹಳೇ ಊರು, ಮಿರಾಫ್ಲೋರೆಸ್, ಬರಾಂಕೊ ಮೂರೂ ಅದರ ದಾರಿಯಲ್ಲಿವೆ. ಮೆಟ್ರೊಗೆ ಒಂದು ಕಾರ್ಡು, ಇದಕ್ಕೆ ಇನ್ನೊಂದು. ಒಂದೇ ಕಾರ್ಡಿನಲ್ಲಿ ಇಬ್ಬರು ಮೂವರು ಹೋಗಬಹುದು, ಸಾಲಿನಲ್ಲಿ ಕಾರ್ಡಿಲ್ಲದ ಯಾರಾದರೂ ನಾಣ್ಯ ಹಿಡಿದು ನಿಮ್ಮನ್ನು ಕೇಳಿದರೆ ಗಾಬರಿಯಾಗಬೇಡಿ, ಅದು ಅಲ್ಲಿ ಮಾಮೂಲು.

ಸಂಶಯಾತ್ಮ
ಆ ಮೆಟ್ರೊ ಕೆಲಸ 1986ರಲ್ಲಿ ಆರಂಭವಾಗಿ, ಜನ ಹತ್ತಿಕೊಂಡು ಸರಿಯಾಗಿ ಓಡಾಡಲು 2012 ಬರಬೇಕಾಯಿತು. ಬೆಂಗಳೂರಿನವರು ಇದನ್ನು ಓದಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಲಿ.

ಒಗ್ಗರಣೆ_ವೀಣೆ
ಸಣ್ಣ ವ್ಯಾನುಗಳ ಬಗ್ಗೆಯೂ ಹೇಳಿ ಅಣ್ಣಾ. ನನಗೆ ಬಹಳ ಇಷ್ಟವಾದದ್ದು ಅವೇ.

ತಿರುಗುಬಾಣ
ಕೊಂಬಿ. ನಮ್ಮ ಕರಾವಳಿಯ ಖಾಸಗಿ ಬಸ್ಸಿನ ಕಂಡಕ್ಟರನ್ನು ಮಿನಿವ್ಯಾನಿನ ಬಾಗಿಲಿಗೆ ನೇತುಹಾಕಿದರೆ ಆಯಿತು. ‘ತೋದೊ ಅರೆಕೀಪಾ, ತೋದೊ ಅರೆಕೀಪಾ’ ಎಂದು ನಾನಿದ್ದಾಗ ಕೂಗುತ್ತಿದ್ದರು, ಅಂದರೆ ಲಿಮಾದ ಅರೆಕೀಪಾ ರಸ್ತೆಯುದ್ದಕ್ಕೂ ಹೋಗುತ್ತದೆ ಎಂದರ್ಥ. ಅದೇ ಹೆಸರಿನ ಊರು ಸಾವಿರ ಕಿಲೋಮೀಟರ್ ದೂರದಲ್ಲಿದೆ, ಅಲ್ಲಿಗೆ ಹೋಗುತ್ತದೆ ಎಂದುಕೊಂಡು ಗಂಟುಮೂಟೆ ಹೊತ್ತು ಹತ್ತಿದವರನ್ನು ಕಣ್ಣಾರೆ ಕಂಡಿದ್ದೇನೆ. ಇಳಿಯುವಾಗ ‘ಎಸ್ಕೀನಾ ಬಾಹೊ’, ಮೂಲೆಯಲ್ಲಿ ಇಳಿಯುತ್ತೇನೆ, ಎಂದು ಗಟ್ಟಿಯಾಗಿ ಕೂಗಬೇಕು. ಪಿಸುಗುಟ್ಟಿದರೆ ಮುಂದಿನ ಬಡಾವಣೆಯಲ್ಲಿ ಇಳಿಯುತ್ತೀರಿ. ಕಂಡಕ್ಟರ್ ‘ಪಿಯೆ ದೆರೇಚೊ’ ಎಂದರೆ ಬಲಗಾಲು ಮೊದಲು ಇಡು ಎಂದು. ಇದು ಮದುವೆಮನೆಯ ಶಾಸ್ತ್ರವಲ್ಲ, ಬಸ್ಸು ಪೂರ್ತಿ ನಿಲ್ಲುವುದಿಲ್ಲ ಎಂಬ ಸೂಚನೆ.

ತಿಂಡಿಪೋತ_ತುಮಕೂರು
ಟ್ಯಾಕ್ಸಿ?

ಬ್ಯಾಡಗಿ_ಖಾರ
ಬೀದಿಯ ಟ್ಯಾಕ್ಸಿಗೆ ಮೀಟರೇ ಇಲ್ಲ. ಹತ್ತುವ ಮೊದಲು ಕಿಟಕಿಯಲ್ಲಿ ಬಗ್ಗಿ ಬೆಲೆ ಕುದುರಿಸಬೇಕು. ನನ್ನಿಂದ ಒಬ್ಬ 15 ಎಂದು ಒಪ್ಪಿ, ಇಳಿಯುವಾಗ ಡಾಲರ್ ಎಂದ. ಹೆಣ್ಣುಮಕ್ಕಳು ಒಬ್ಬರೇ ಇದ್ದರೆ ಬೀದಿ ಟ್ಯಾಕ್ಸಿ ಬೇಡವೇ ಬೇಡ, ಮೊಬೈಲಿನಲ್ಲಿ ಕರೆಸಿ.

ತಿರುಗುಬಾಣ
ಒಪ್ಪುತ್ತೇನೆ. ಇದರ ಜೊತೆಗೆ, ಬಸ್ಸಿನ ಕಿಟಕಿಯ ಪಕ್ಕ ಕುಳಿತು ಮೊಬೈಲು ನೋಡಬೇಡಿ, ಹೊರಗಿನಿಂದ ಕೈ ಹಾಕಿ ಎಳೆದುಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಬಸ್ಸು ಮಾಲೀಕರು, ಚಾಲಕರಿಂದ ಪುಂಡರು ಹಫ್ತಾ ಕೇಳುವುದು, ಕೊಡದವರ ಮೇಲೆ ಗುಂಡು ಹಾರಿಸುವುದು ಹೆಚ್ಚಾಗಿದೆ. 2024 ಮತ್ತು 2025ರಲ್ಲಿ ಇದರ ವಿರುದ್ಧ ಸಾರಿಗೆ ಮುಷ್ಕರಗಳು ನಡೆದವು. ‘ಪಾರೊ’ ಎಂಬ ಪದ ಕಿವಿಗೆ ಬಿದ್ದರೆ ಮರುದಿನ ಬಸ್ಸು ಸಿಗುವುದು ಕಷ್ಟ ಎಂದು ತಿಳಿಯಿರಿ. ಹೆದರಿಸಲು ಹೇಳುತ್ತಿಲ್ಲ, ಅಲ್ಲಿನ ಜನ ಇದರ ನಡುವೆಯೇ ದಿನಾ ಕೆಲಸಕ್ಕೆ ಹೋಗಿಬರುತ್ತಾರೆ.

ತಿಂಡಿಪೋತ_ತುಮಕೂರು
ನಗದು ಒಯ್ಯುವುದೇ ಬೇಡವಲ್ಲ. ನಮ್ಮ ಯುಪಿಐ ಪೆರುವಿನಲ್ಲೂ ನಡೆಯುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ.

ಸಂಶಯಾತ್ಮ
ತಲೆಬರಹ ಓದಿ ಪತ್ರಿಕೆ ಮಡಚಿಟ್ಟಿದ್ದೀರಿ. 2024ರ ಜೂನ್‌ನಲ್ಲಿ ಆದದ್ದು, ಯುಪಿಐ ಮಾದರಿಯ ವ್ಯವಸ್ಥೆಯನ್ನು ಅವರ ದೇಶಕ್ಕೆ ಕಟ್ಟಿಕೊಡಲು ಅಲ್ಲಿನ ಕೇಂದ್ರ ಬ್ಯಾಂಕಿನ ಜೊತೆ ಒಪ್ಪಂದ. ನಿಮ್ಮ ಮೊಬೈಲಿನಿಂದ ಅಲ್ಲಿ ಹಣ ಹೋಗುತ್ತದೆ ಎಂದಲ್ಲ. ಅಲ್ಲಿನವರು ಯಾಪೆ ಎಂಬ ಆ್ಯಪ್ ಬಳಸುತ್ತಾರೆ, ಪ್ರವಾಸಿಗೆ ಹೆಚ್ಚಾಗಿ ನಗದೇ ಗತಿ. ಡಾಲರ್ ನೋಟು ಹರಿದಿರಬಾರದು, ಮಸಿ ತಾಗಿರಬಾರದು, ಮೂಲೆ ಸ್ವಲ್ಪ ಕಿತ್ತಿದ್ದರೂ ಹಿಂದಕ್ಕೆ ಕೊಡುತ್ತಾರೆ. ಖೋಟಾ ನೋಟಿನ ಕಾಟವೂ ಇದೆ, ಅಂಗಡಿಯವರು ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ನೀವೂ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಗ್ಗರಣೆ_ವೀಣೆ
ಮುಖ್ಯವಾದುದನ್ನು ಯಾರೂ ಹೇಳಲಿಲ್ಲ. ತಂಗಿ, ಹಳದಿ ಜ್ವರದ ಲಸಿಕೆ ಆಯಿತೇ? ನೀನು ಲಿಮಾದಲ್ಲೇ ಇದ್ದು ಕಾಡಿನ ಕಡೆ ತಲೆ ಹಾಕದಿದ್ದರೂ, ಭಾರತಕ್ಕೆ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಪೆರು ಆ ಪಟ್ಟಿಯಲ್ಲಿದೆ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಚುಚ್ಚಿಸಿಕೊಂಡು ಹಳದಿ ಪುಸ್ತಕ ಇಟ್ಟುಕೊ. ಇಲ್ಲದಿದ್ದರೆ ಬಂದಮೇಲೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು.

ಹಾಸನದ_ಗಡ್ಡೆ
ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ವೀಸಾ ಆಯಿತೆಂದು ಹಾಯಾಗಿ ಕುಳಿತಿದ್ದೆ, ಇದು ತಲೆಗೆ ಹೊಳೆದೇ ಇರಲಿಲ್ಲ. ನಾಳೆಯೇ ವಿಚಾರಿಸುತ್ತೇನೆ.

ಅಜ್ಜಾ, ಅವಲಕ್ಕಿ ಒಯ್ಯುತ್ತೇನೆ. ಹಸಿ ಕಾಳು, ಬೀಜ, ಕರಿಬೇವು ಮಾತ್ರ ಬೇಡ. ಸಸ್ಯರೋಗ ಓದುವವಳೇ ಇನ್ನೊಂದು ದೇಶಕ್ಕೆ ಎಲೆ ಸಾಗಿಸಿ ಸಿಕ್ಕಿಬಿದ್ದರೆ ನಮ್ಮ ಮೇಷ್ಟ್ರು ನನ್ನನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ.

ಮಲ್ಪೆ_ಬಂಗುಡೆ
ಕೊಡೆ ಒಯ್ಯಬೇಡಿ. ಜುಲೈನಲ್ಲಿ ಆಕಾಶ ಮೂರೂ ಹೊತ್ತು ಬೂದಿಬಣ್ಣ, ಅಲ್ಲಿಯವರು ‘ಕತ್ತೆಯ ಹೊಟ್ಟೆ’ ಎನ್ನುತ್ತಾರೆ. ಈಗ ಹೊಯ್ಯುತ್ತದೆ, ಆಗ ಹೊಯ್ಯುತ್ತದೆ ಎಂದು ನಾನು ಒಂಬತ್ತು ದಿನ ಕಾದೆ. ಗರೂವಾ ಎಂಬ ಮಂಜಿನಂಥ ಜಡಿ ಬಿಟ್ಟರೆ ಏನೂ ಬೀಳಲಿಲ್ಲ. ಆ ಊರು ಮರುಭೂಮಿ ಮಾರಾಯರೇ! ಆಗುಂಬೆಯಲ್ಲಿ ಒಂದು ಸಂಜೆ ಬೀಳುವಷ್ಟು ಮಳೆ ಅಲ್ಲಿ ವರ್ಷಕ್ಕೂ ಬೀಳುವುದಿಲ್ಲ. ಆದರೆ ಚಳಿ ಬಟ್ಟೆಯೊಳಗೆ ಇಳಿಯುತ್ತದೆ, ಒಗೆದದ್ದು ಒಣಗುವುದಿಲ್ಲ. ಸ್ವೆಟರ್ ಒಯ್ಯಿರಿ. ನಲ್ಲಿ ನೀರು ಕುದಿಸದೆ ಕುಡಿಯಬೇಡಿ.

ತಿರುಗುಬಾಣ
ಜುಲೈ 28, 29 ಅವರ ಸ್ವಾತಂತ್ರ್ಯದ ಹಬ್ಬ. ದೂರದ ಬಸ್ಸುಗಳ ಬೆಲೆ ಗಗನಕ್ಕೇರುತ್ತದೆ, ಅಷ್ಟರಲ್ಲಿ ಸುತ್ತಾಟ ಮುಗಿಸಿಕೊಳ್ಳಿ. ಮತ್ತೆ ಹೋದಮೇಲೆ ಇಲ್ಲಿ ಬಂದು ಬರೆಯಿರಿ. ಕೇಳಿ ಕಾಣೆಯಾಗುವವರೇ ಹೆಚ್ಚು.

ಹಾಸನದ_ಗಡ್ಡೆ
ಕಾಣೆಯಾಗಿಲ್ಲ, ಲಿಮಾದಿಂದಲೇ ಬರೆಯುತ್ತಿದ್ದೇನೆ. ಇವತ್ತಿಗೆ ಹನ್ನೊಂದನೇ ದಿನ.

ಲೆಕ್ಕ ಮೊದಲು. ಬೆಳಿಗ್ಗೆ ಗಾಡಿಯಲ್ಲಿ ಕಿನೋವಾದ ಬಿಸಿ ಗಂಜಿ ಮತ್ತು ಬೆಣ್ಣೆಹಣ್ಣು ತುಂಬಿದ ಬನ್ನು, ಎರಡೂ ಸೇರಿ 5 ಸೋಲ್. ಕೆಲವು ದಿನ ಎಮೊಲಿಯೆಂತೆ ಕುಡಿಯುತ್ತೇನೆ, ಬಾರ್ಲಿ, ಅಗಸೆ ಬೀಜ, ಏನೇನೋ ಸೊಪ್ಪು ಕುದಿಸಿ ನಿಂಬೆ ಹಿಂಡಿದ ಕಷಾಯ. ಮೊದಲ ಗುಟುಕಿಗೆ ಬೆಂಡೆಕಾಯಿ ಲೋಳೆಯಂತೆ ಅನ್ನಿಸಿತು, ಮೂರನೇ ದಿನಕ್ಕೆ ಅದಿಲ್ಲದೆ ಗಂಟಲು ಸರಿಹೋಗಲಿಲ್ಲ. ಮಧ್ಯಾಹ್ನದ ಮೆನು 14. ರಾತ್ರಿ ಚೌಫಾದ ಅರ್ಧ ಅಥವಾ ಅಜ್ಜನ ಅವಲಕ್ಕಿ. ಬಸ್ಸು, ಮೆಟ್ರೊ ಸೇರಿ 7 ದಾಟುವುದಿಲ್ಲ. ದಿನಕ್ಕೆ 40ರ ಆಸುಪಾಸಿನಲ್ಲಿ ಮುಗಿಯುತ್ತಿದೆ. ಉಳಿದದ್ದನ್ನು ಪಿಕಾರೋನೆಸ್‌ಗೆ ಸುರಿಯುತ್ತಿದ್ದೇನೆ. ಸಿಹಿಗೆಣಸು, ಕುಂಬಳಕಾಯಿ ಕಲಸಿದ ಹಿಟ್ಟನ್ನು ಬೆರಳಿನಿಂದ ಬಳೆ ಮಾಡಿ ಎಣ್ಣೆಗೆ ಬಿಡುತ್ತಾರೆ, ಮೇಲೆ ಚಂಕಾಕಾದ ಪಾಕ. ಚಂಕಾಕಾ ಎಂದರೆ ಬೇರೆ ಏನೂ ಅಲ್ಲ, ನಮ್ಮ ಬೆಲ್ಲ! ಅಚ್ಚಿನ ಗುರುತೂ ಹಾಗೆಯೇ ಇತ್ತು.

ಕೋಳಿಯ ಪಾದ ನನಗೂ ದರ್ಶನ ಕೊಟ್ಟಿತು. ತಿರುಗುಬಾಣ ಅಣ್ಣನನ್ನು ನೆನೆದು ಕೈಮುಗಿದು ಹಿಂದಕ್ಕೆ ಕಳಿಸಿದೆ.

ಇನ್ನು ಸುರ್ಕಿಯೋ ಮಾರುಕಟ್ಟೆಯ ಹಣ್ಣಿನ ರಸದ ಅಂಗಡಿ. ಎತ್ತರದ ಸ್ಟೂಲಿನ ಮೇಲೆ ಕುಳಿತೆ. ಅಂಗಡಿಯಾಕೆ ನನ್ನನ್ನು ‘ಕಸೆರಾ’ ಎಂದಳು, ಪಕ್ಕದ ಗಿರಾಕಿಯೂ ಅವಳನ್ನು ‘ಕಸೆರಾ’ ಎಂದೇ ಕರೆದ. ಕೊಳ್ಳುವ ಹೆಂಗಸಿಗೂ ಮಾರುವ ಹೆಂಗಸಿಗೂ ಒಂದೇ ಹೆಸರಂತೆ. ಪಪ್ಪಾಯಿ ರಸ ಕುಡಿದು ಲೋಟ ಕೆಳಗಿಟ್ಟೆ. ಅವಳು ಮಿಕ್ಸಿಯ ಜಾರಿನಲ್ಲಿ ಉಳಿಸಿಕೊಂಡಿದ್ದುದನ್ನು ಮತ್ತೆ ನನ್ನ ಲೋಟಕ್ಕೆ ಮುಕ್ಕಾಲಿನಷ್ಟು ಸುರಿದು ‘ಯಾಪಾ’ ಎಂದಳು. ನಾನು ದುಡ್ಡು ತೆಗೆಯಲು ಹೋದರೆ ಕೈ ತಡೆದಳು. ಕೆಚುವಾ ಭಾಷೆಯ ಪದವಂತೆ.

ಅರಳಿಕಟ್ಟೆ_ಅಜ್ಜ
ಕೊಸರು! ಅದು ಕೊಸರಲ್ಲವೇ! ನಮ್ಮ ಸಂತೆಯಲ್ಲಿ ಸೊಪ್ಪು ಕೊಂಡಮೇಲೆ ಎರಡು ಕಡ್ಡಿ ಕೊತ್ತಂಬರಿ ಕೊಸರು ಹಾಕುತ್ತಿದ್ದರು. ಈಗಿನ ಮಾಲುಗಳಲ್ಲಿ ಯಾರನ್ನು ಕೇಳುವುದು, ಯಂತ್ರವನ್ನೇ?

ಒಗ್ಗರಣೆ_ವೀಣೆ
ತಂಗಿ, ‘ಹೂಗೊ ಎಸ್ಪೆಸಿಯಾಲ್’ ಎಂದು ಬರೆದ ರಸ ಮಾತ್ರ ಕೇಳಬೇಡ. ಅದಕ್ಕೆ ಹಸಿ ಮೊಟ್ಟೆ, ಕಪ್ಪು ಬಿಯರು ಎರಡೂ ಬೀಳುತ್ತವೆ.

ಹಾಸನದ_ಗಡ್ಡೆ
ಅಕ್ಕಾ, ತಡವಾಯಿತು. ಮೊನ್ನೆಯೇ ಕುಡಿದೆ. ಚೆನ್ನಾಗಿತ್ತು. ಇದನ್ನೂ ಅಮ್ಮನಿಗೆ ಹೇಳಬೇಡಿ.

ಬ್ಯಾಡಗಿ_ಖಾರ
ಬರುವಾಗ ನಾಲ್ಕು ರೊಕೊತೊ ಬೀಜ ತಂದುಕೊಡುತ್ತೀರಾ ತಂಗಿ? ಕಪ್ಪು ಬೀಜದ್ದು. ಹಿತ್ತಲಲ್ಲಿ ಹಾಕಿ ನಮ್ಮ ಭಾವನಿಗೆ ತಿನ್ನಿಸಬೇಕು.

ಹಾಸನದ_ಗಡ್ಡೆ
ಅಣ್ಣಾ, ಮೇಲೆ ಗೊಬ್ಬರದ ಗುಂಡಿಯ ವಿಷಯ ಬರೆದಿದ್ದೇನೆ, ಓದಿ.